ಒಂದು ಕಿಲೋಹರ್ಟ್ಸ್‌ಗೆ ಇಷ್ಟು ಹಟವೇ?

ಪ್ರಶ್ನೆ: 1080ಪಿ, 60 ಹರ್ಟ್ಸ್‌ಗೆ ಬೇಕಾದ ಪಿಕ್ಸೆಲ್ ಕ್ಲಾಕ್ (ಪರದೆಗೆ ಪಿಕ್ಸೆಲ್‌ಗಳು ಹೋಗುವ ವೇಗ) 148500 ಕಿಲೋಹರ್ಟ್ಸ್ (ಚಿತ್ರದ ಸುತ್ತಲಿನ ಖಾಲಿ ಅವಧಿಯೂ ಸೇರಿ 2200 × 1125 × 60 ಹರ್ಟ್ಸ್). ನನ್ನ ಬೋರ್ಡಿನ ಪಿಎಲ್‌ಎಲ್ (ಕ್ಲಾಕ್ ಹುಟ್ಟಿಸುವ ಸರ್ಕ್ಯೂಟ್) ಕೊಡುವುದು 148501. ಲಿನಕ್ಸ್‌ನ ಡಿಆರ್‌ಎಂ (ಕರ್ನಲ್‌ನಲ್ಲಿ ಪರದೆ ನಿಭಾಯಿಸುವ ಭಾಗ) ಇವೆರಡೂ ಬೇರೆ ಮೋಡ್ (ಪರದೆಯ ಗಾತ್ರ, ವೇಗಗಳ ಜೋಡಣೆ) ಎನ್ನುತ್ತದೆ. 148480 ಕೊಟ್ಟರೆ ಮಾತ್ರ ಒಂದೇ ಎಂದು ಒಪ್ಪುತ್ತದೆ! ಮೂರು ರಾತ್ರಿಗಳ ನಿದ್ರೆ ಹಾಳಾಯಿತು.

ಉತ್ತರ 1: ಹೋಲಿಸುವ ಮೊದಲು ಡಿಆರ್‌ಎಂ ಕ್ಲಾಕನ್ನು ಒಂದು ಮಿಡಿತದ ಅವಧಿಯಾಗಿ ಪಿಕೋಸೆಕೆಂಡಿಗೆ ಬದಲಿಸಿ ದಶಾಂಶವನ್ನು ಕತ್ತರಿಸುತ್ತದೆ, ಲಿನಕ್ಸ್‌ನ ಹಳೆಯ ಪರದೆ ವ್ಯವಸ್ಥೆಯಾದ ಫ್ರೇಮ್‌ಬಫರ್ ಕಾಲದ ಬಳುವಳಿ. 148500ಕ್ಕೂ 148480ಕ್ಕೂ 6734, ನಿಮ್ಮದಕ್ಕೆ 6733.

ಉತ್ತರ 2: ಮೋಡ್ ಪರಿಶೀಲನೆಯಲ್ಲಿ (ಬೋರ್ಡಿಗೆ ಆ ಮೋಡ್ ಸಾಧ್ಯವೇ ಎಂದು ನೋಡುವಾಗ) ಶೇ 0.5ರಷ್ಟು ಸಡಿಲಿಕೆ ಇಡಿ, ಅಂದರೆ ಇಲ್ಲಿ ಸುಮಾರು 742 ಕಿಲೋಹರ್ಟ್ಸ್. ಆದರೆ ಮೋಡ್ ಆಯ್ಕೆಗೆ ಅದನ್ನು ಬಳಸಬೇಡಿ. 59.94 ಹರ್ಟ್ಸ್‌ನ 148352 ಕೂಡ ಅದರೊಳಗೇ ಬೀಳುತ್ತದೆ.

ಪ್ರಶ್ನೆ ಕೇಳಿದವನು: ಸರ್, ಅದೇ ತಪ್ಪನ್ನೂ ಮಾಡಿದ್ದೆ, 59.94ರ ವಿಡಿಯೊಗೆ 60 ಹರ್ಟ್ಸ್ ಮೋಡ್ ಆಯ್ಕೆಯಾಗುತ್ತಿತ್ತು. ಸುಮಾರು 17 ಸೆಕೆಂಡಿಗೊಮ್ಮೆ ಫ್ರೇಮ್ ಮರುಕಳಿಸುತ್ತಿದ್ದುದು ಅದಕ್ಕೇ!