ಕಿಲಿ ಪೌಲ್ ರೀಲ್‌ನಿಂದ ಪ್ರಣವ್‌ನ ಅಗ್ರಿಮೆಂಟ್‌ವರೆಗೆ: ನಮ್ಮ ಮನೆ ಗುಂಪಿನ ಒಂದು ಜಗಳ

ವಸು ಅತ್ತೆ: [ಫಾರ್ವರ್ಡ್ ಮಾಡಿದ ವಿಡಿಯೋ] ಈ ಹುಡುಗನನ್ನು ನೋಡಿ ಎಲ್ಲರೂ. ತಾಂಜಾನಿಯಾದವನು, ಕಿಲಿ ಪೌಲ್ ಅಂತ ಹೆಸರು. ಮಸಾಯಿ ಜನರ ಕೆಂಪು ಬಟ್ಟೆ ಹೊದ್ದು ಬಯಲಲ್ಲಿ ನಿಂತು ನಮ್ಮ ದೇಶದ ಹಾಡಿಗೆ ಎಷ್ಟು ಚೆನ್ನಾಗಿ ತುಟಿ ಕೂಡಿಸುತ್ತಾನೆ! ಪಕ್ಕದಲ್ಲಿ ಇರುವವಳು ತಂಗಿ ನೀಮಾ. ನನಗಂತೂ ತುಂಬಾ ಇಷ್ಟ.

ದೊಡ್ಡಪ್ಪ: ವಸು, ಹುಡುಗ ಮುದ್ದಾಗಿದ್ದಾನೆ, ಇಲ್ಲ ಅನ್ನಲ್ಲ. ಆದರೆ ಹಾಡು ಬರೆದವರು ಬೇರೆ, ಹಾಡಿದವರು ಬೇರೆ, ಸಂಗೀತ ಕೊಟ್ಟವರು ಬೇರೆ. ಇವನು ಮಾಡಿದ್ದೇನು? ಬಾಯಿ ಆಡಿಸಿದ. ಅಷ್ಟಕ್ಕೇ ಲಕ್ಷಗಟ್ಟಲೆ ಜನ ಹಿಂದೆ ಬೀಳುತ್ತಾರೆ ಅಂದರೆ ನನಗೆ ಬೇಜಾರಾಗುತ್ತದೆ. ರಾಜ್‌ಕುಮಾರ್ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿ ಪಳಗಿ, 1954ರಲ್ಲಿ ಸಿನಿಮಾಕ್ಕೆ ನಾಯಕರಾಗಿ ಬಂದರು. ಹೆಸರು ಅಂದರೆ ಅದು.

ಪ್ರಣವ್: ದೊಡ್ಡಪ್ಪ, ಬೇಸರ ಮಾಡ್ಕೋಬೇಡಿ, ಒಂದು ಮಾತು. 1974ರವರೆಗೆ ಅಣ್ಣಾವ್ರ ಬಹುಪಾಲು ಹಾಡುಗಳಿಗೆ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು ಅಲ್ವಾ? ಅಣ್ಣಾವ್ರು ಪರದೆ ಮೇಲೆ ತುಟಿ ಆಡಿಸುತ್ತಿದ್ದರು. ಅದನ್ನು ನಟನೆ ಅಂತ ನೀವೇ ಒಪ್ಪುತ್ತೀರಿ. ಕಿಲಿ ಮಾಡಿದರೆ ಯಾಕೆ ಒಪ್ಪಲ್ಲ?

ದೊಡ್ಡಪ್ಪ: ಅದಕ್ಕೂ ಇದಕ್ಕೂ ಹೋಲಿಕೆ ಬೇಡ. ಅಲ್ಲಿ ಪಾತ್ರ ಇತ್ತು, ಕತೆ ಇತ್ತು, ಎರಡೂವರೆ ಗಂಟೆ ಜನರನ್ನು ಕೂರಿಸಬೇಕಿತ್ತು. ಇಲ್ಲಿ ಅರ್ಧ ನಿಮಿಷ.

ಪ್ರಣವ್: ಅರ್ಧ ನಿಮಿಷದಲ್ಲಿ ಜನ ಬೆರಳಿನಿಂದ ತಳ್ಳದ ಹಾಗೆ ಹಿಡಿದಿಡುವುದು ಸುಲಭ ಅಂದುಕೊಂಡಿದ್ದೀರಾ? ಮಾಡಿ ನೋಡಿದವನು ನಾನು. ಅವನ ಹಳ್ಳಿಯಲ್ಲಿ ಕರೆಂಟ್ ಇರಲಿಲ್ಲ, ಫೋನ್ ಚಾರ್ಜ್ ಮಾಡೋಕೆ ಬೇರೆ ಊರಿಗೆ ಹೋಗಬೇಕಿತ್ತು. ದನ ಕಾಯುವ ಮನೆಯ ಹುಡುಗ. ಸ್ಟುಡಿಯೋ ಇಲ್ಲ, ಗಾಡ್‌ಫಾದರ್ ಇಲ್ಲ, ಗಾಂಧಿನಗರದಲ್ಲಿ ಯಾರ ಆಫೀಸಿನ ಮುಂದೂ ನಿಂತಿಲ್ಲ. 2022ರ ಫೆಬ್ರುವರಿಯಲ್ಲಿ ಅಲ್ಲಿನ ಭಾರತೀಯ ಹೈಕಮಿಷನ್‌ನವರು ಕರೆದು ಸನ್ಮಾನ ಮಾಡಿದರು, ಅದೇ ತಿಂಗಳು ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಅಣ್ಣ ತಂಗಿ ಇಬ್ಬರ ಹೆಸರನ್ನೂ ಹೇಳಿದರು. ಹಿಂದಿನ ಕಾಲದಲ್ಲಿ ಇದು ಸಾಧ್ಯವೇ ಇರಲಿಲ್ಲ.

ಶೈಲಾ ಚಿಕ್ಕಮ್ಮ: ಪ್ರಣವ್, ದೊಡ್ಡವರ ಜೊತೆ ಹಾಗೆಲ್ಲ ಎದುರು ಮಾತಾಡಬೇಡ. ಪರೀಕ್ಷೆ ಹತ್ತಿರ ಬಂತು, ಮೊದಲು ಅದನ್ನು ನೋಡ್ಕೋ.

ದೊಡ್ಡಪ್ಪ: ಇರಲಿ ಶೈಲಾ, ಮಾತಾಡಲಿ. ಕೇಳೋಣ.

ಮೇಘಕ್ಕ: ಅಪ್ಪಾ, ತುಟಿ ಆಡಿಸುವುದು ಕೆಲಸವೇ. ಅದನ್ನು ದಿನಾ ನೋಡುವವಳು ನಾನು, ನನ್ನ ನೌಕರಿಯೇ ಬ್ರ್ಯಾಂಡ್‌ಗಳಿಗೆ ರೀಲ್ ಮಾಡುವವರನ್ನು ಹುಡುಕಿ ಕೊಡುವುದು. ಆದರೆ ಪ್ರಣವ್, ನೀನು ಹೇಳಿದ್ದರಲ್ಲಿ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ಗಾಡ್‌ಫಾದರ್ ಇಲ್ಲ ಅಂದೆ. ಇದ್ದಾನೆ ಕಣೋ. ಅವನಿಗೆ ಮುಖ ಇಲ್ಲ, ಅಷ್ಟೇ ವ್ಯತ್ಯಾಸ. ಯಾವ ರೀಲ್ ಯಾರ ಫೋನಿಗೆ ಹೋಗಬೇಕು ಅಂತ ಕಂಪನಿ ತೀರ್ಮಾನ ಮಾಡುತ್ತದೆ. ನಾಳೆ ಬೇಡ ಅನ್ನಿಸಿದರೆ ತೋರಿಸುವುದನ್ನು ನಿಲ್ಲಿಸುತ್ತದೆ. ಕೇಳೋಕೆ ಹೋದರೆ ಬಾಗಿಲೇ ಸಿಗಲ್ಲ.

ಪ್ರಣವ್: ಚೆನ್ನಾಗಿದ್ದರೆ ಜನ ನೋಡ್ತಾರೆ ಅಕ್ಕ. ಕೊನೆಗೆ ಜನರೇ ತೀರ್ಮಾನ ಮಾಡೋದು.

ಮೇಘಕ್ಕ: 2020ರ ಜೂನ್ 29 ನೆನಪಿದೆಯಾ? ಗಾಲ್ವಾನ್ ಘರ್ಷಣೆ ಆಗಿ ಎರಡು ವಾರಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧ ಆದವು. ದೇಶದ ಸುರಕ್ಷತೆ ದೊಡ್ಡದು, ಆ ನಿರ್ಧಾರ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತು ಏನಾಯಿತು ನೋಡು. ಟಿಕ್‌ಟಾಕ್‌ಗೆ ಇಲ್ಲಿ ಸುಮಾರು 20 ಕೋಟಿ ಬಳಕೆದಾರರಿದ್ದರು. ಹೊಲದಲ್ಲಿ ಕುಣಿಯುತ್ತಿದ್ದವರು, ಗಾರೆ ಕೆಲಸದ ನಡುವೆ ಡೈಲಾಗ್ ಹೊಡೆಯುತ್ತಿದ್ದವರು, ಅಡುಗೆಮನೆಯಿಂದಲೇ ಹೆಸರು ಮಾಡಿದ್ದ ಹೆಂಗಸರು, ಎಲ್ಲರ ಫಾಲೋವರ್‌ಗಳೂ ರಾತ್ರೋರಾತ್ರಿ ಕೈಬಿಟ್ಟು ಹೋದರು. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಇಂಗ್ಲಿಷ್ ಗೊತ್ತಿದ್ದವರು, ಒಳ್ಳೆ ಫೋನ್ ಇದ್ದವರು ಬೇಗ ಅಲ್ಲಿಗೆ ಹೋದರು. ಹಳ್ಳಿಯವರಲ್ಲಿ ಎಷ್ಟೋ ಜನಕ್ಕೆ ಮತ್ತೆ ಆ ನೋಡುಗರು ಸಿಗಲೇ ಇಲ್ಲ. ಆ ಜನ ಅವರನ್ನು ಬೇಡ ಅಂದಿದ್ದರಾ? ಇಲ್ಲ. ಹೆಸರು ಕೊಟ್ಟವರು ಜನ, ಆದರೆ ಆ ಹೆಸರು ಇದ್ದದ್ದು ಇನ್ನೊಬ್ಬರ ಜಮೀನಿನಲ್ಲಿ. ಗೇಣಿಗೆ ಮಾಡಿದ ಬೆಳೆ ಇದ್ದ ಹಾಗೆ.

ದೊಡ್ಡಪ್ಪ: ಇದು ಸರಿಯಾದ ಮಾತು. ಇದನ್ನೇ ನಾನು ಹೇಳಬೇಕು ಅಂತಿದ್ದೆ. 2000ದಲ್ಲಿ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒತ್ತೆ ಇಟ್ಟುಕೊಂಡಾಗ 108 ದಿನ ಈ ನಾಡು ಹೇಗೆ ಕಾದಿತ್ತು ಅಂತ ನಮಗೆ ಗೊತ್ತು. ಯಾವ ಆ್ಯಪ್ ಮುಚ್ಚಿದರೂ ಆ ಪ್ರೀತಿ ಹೋಗುವಂಥದ್ದಲ್ಲ. ಅವರು ನಮ್ಮನ್ನು ಅಭಿಮಾನಿ ದೇವರುಗಳು ಅಂದರು. ಜಾಹೀರಾತು ಅಂತ ಮಾಡಿದ್ದು ನಂದಿನಿ ಹಾಲಿಗೆ, ಅದೂ ದುಡ್ಡು ತಗೊಳ್ಳದೆ, ರೈತರ ಹಾಲು ಅಂತ. ಪುನೀತ್ ಕೂಡ ಅದೇ ದಾರಿ ಹಿಡಿದರು. ಈಗಿನವರು ಬೆಟ್ಟಿಂಗ್ ಆ್ಯಪ್‌ಗೂ ಮುಖ ಕೊಡುತ್ತಾರೆ.

ವಸು ಅತ್ತೆ: ಅಣ್ಣ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡ. ಆ ಹುಡುಗ ಬೆಟ್ಟಿಂಗ್ ಜಾಹೀರಾತು ಮಾಡಿದ್ದಾನಾ? ನಮ್ಮ ಹಾಡನ್ನು ಪ್ರೀತಿಸಿದ, ನಾನು ಅವನನ್ನು ಪ್ರೀತಿಸಿದೆ. ಮೊಣಕಾಲು ನೋವು ಬಂದ ಮೇಲೆ ನಾನು ಮನೆ ಬಿಟ್ಟು ಹೊರಗೆ ಹೋಗುವುದೇ ಕಡಿಮೆ. ಬೆಳಿಗ್ಗೆ ಇವರಿಬ್ಬರನ್ನು ನೋಡಿದರೆ ಮನಸ್ಸು ಹಗುರ ಆಗುತ್ತದೆ. ತಾಂಜಾನಿಯಾ ಎಲ್ಲಿದೆ ಅಂತ ಮೊಮ್ಮಗಳ ಅಟ್ಲಾಸ್ ತೆಗೆದು ನೋಡಿದೆ, ಇವನಿಂದಲೇ.

ನಾನು: ಅತ್ತೆ ಹೇಳಿದ್ದು ನಿಜ. ಖಾಬಿ ಲಾಮೆ ಅಂತ ಇನ್ನೊಬ್ಬನಿದ್ದಾನೆ, ನೋಡಿರುತ್ತೀರಿ. ಸುಮ್ನೆ ಎರಡು ಕೈ ಚಾಚಿ, ಇಷ್ಟೇ ಅಲ್ವಾ ಅನ್ನುವ ಹಾಗೆ ಮುಖ ಮಾಡುತ್ತಾನೆ, ಬಾಯಿ ಬಿಡಲ್ಲ. ಹುಟ್ಟಿದ್ದು ಸೆನೆಗಲ್‌ನಲ್ಲಿ, ಬೆಳೆದದ್ದು ಇಟಲಿಯಲ್ಲಿ. 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ಟ್ಯೂರಿನ್ ಹತ್ತಿರದ ಫ್ಯಾಕ್ಟರಿಯಲ್ಲಿದ್ದ ಕೆಲಸ ಹೋಯಿತು. ಮನೆಯಲ್ಲಿ ಕೂತು ಟಿಕ್‌ಟಾಕ್ ಶುರು ಮಾಡಿದ. 2022ರ ಜೂನ್ ಹೊತ್ತಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಫಾಲೋವರ್ ಇರುವ ಟಿಕ್‌ಟಾಕ್ ಖಾತೆ ಅವನದ್ದು. ಮಾತಿಲ್ಲದ್ದರಿಂದ ಯಾವ ದೇಶದಲ್ಲೂ ಅರ್ಥ ಆಯಿತು.

ಮೇಘಕ್ಕ: ಅವನದೇ ಮುಂದಿನ ಕತೆಯನ್ನೂ ಹೇಳು. 2025ರ ಜೂನ್‌ನಲ್ಲಿ ಅಮೆರಿಕದ ಲಾಸ್ ವೇಗಸ್ ವಿಮಾನ ನಿಲ್ದಾಣದಲ್ಲಿ ವೀಸಾ ಅವಧಿ ಮೀರಿದೆ ಅಂತ ವಲಸೆ ಅಧಿಕಾರಿಗಳು ಅವನನ್ನು ತಡೆದರು, ಆಮೇಲೆ ಅವನು ಆ ದೇಶ ಬಿಟ್ಟು ಹೋದ. 16 ಕೋಟಿ ಜನ ಫಾಲೋ ಮಾಡುವ ಮನುಷ್ಯ! ವಿಡಿಯೋ ಎಲ್ಲ ಗಡಿ ದಾಟಿ ಹೋಗುತ್ತದೆ, ಮಾಡಿದ ಮನುಷ್ಯನಿಗೆ ಮಾತ್ರ ಪಾಸ್‌ಪೋರ್ಟ್, ಕೌಂಟರ್, ಮುದ್ರೆ. ದುಡ್ಡೂ ಹಾಗೇ. ಅಮೆರಿಕದವರು ನೋಡಿದರೆ ಜಾಹೀರಾತಿಗೆ ಒಂದು ರೇಟು, ನಮ್ಮವರು ನೋಡಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಕನ್ನಡದಲ್ಲಿ ಮಾಡುವವನು ಅಷ್ಟೇ ವ್ಯೂಸ್ ತಂದರೂ ಅಷ್ಟೇ ದುಡ್ಡು ಬರಲ್ಲ. ಜಗತ್ತು ಒಂದಾಗಿದೆ ಅನ್ನುತ್ತಾರಲ್ಲ, ಕೂಲಿ ಕೊಡುವಾಗ ಒಂದಾಗಿಲ್ಲ.

ಪ್ರಣವ್: ಸರಿ, ಈಗ ಹೇಳಿಯೇ ಬಿಡುತ್ತೇನೆ. ನಾನು ಮಾಡಿದ ಹುಬ್ಬಳ್ಳಿ ಬಸ್ ಕಂಡಕ್ಟರ್ ರೀಲ್ ನೋಡಿ ಒಂದು ಮ್ಯಾನೇಜ್‌ಮೆಂಟ್ ಕಂಪನಿಯವರು ಅಗ್ರಿಮೆಂಟ್ ಕಳಿಸಿದ್ದಾರೆ. ದುಬೈ, ಅಮೆರಿಕದ ಕನ್ನಡ ಸಂಘಗಳಲ್ಲಿ ಶೋ ಕೊಡಿಸುತ್ತಾರಂತೆ. ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ದುಡ್ಡೂ ಇದೆ. ಸಹಿ ಹಾಕೋಣ ಅಂತಿದ್ದೇನೆ. ಬಿ.ಕಾಂ. ಆಮೇಲೆ ಮುಗಿಸಬಹುದು.

ಶೈಲಾ ಚಿಕ್ಕಮ್ಮ: ಇದನ್ನು ಗುಂಪಿನಲ್ಲಿ ಓದಿ ನಾನು ತಿಳ್ಕೋಬೇಕಾ? ಮನೆಯಲ್ಲಿ ಹೇಳೋಕೆ ಆಗಲಿಲ್ವಾ? ಭಾವ, ನೀವೇ ಬುದ್ಧಿ ಹೇಳಿ. ಆ ರೀಲ್ ಕೆಳಗೆ ಬರೆಯುವ ಕಾಮೆಂಟ್ ನಾನು ಓದಿದ್ದೇನೆ. ನಮ್ಮ ಭಾಷೆ ಆಡಿಕೊಂಡ ಅಂತ ಒಬ್ಬ ಬೈಯುತ್ತಾನೆ, ಇನ್ನೊಬ್ಬ ಇವನ ಮೈಬಣ್ಣದ ಬಗ್ಗೆ. ರಾತ್ರಿ ನಿದ್ದೆ ಬರಲಿಲ್ಲ ನನಗೆ.

ಪ್ರಣವ್: ಅಮ್ಮ, ಅದನ್ನೆಲ್ಲ ನಾನು ಓದೋದೇ ಇಲ್ಲ.

ಮೇಘಕ್ಕ: ಓದಲ್ಲ ಅನ್ನುವವರೇ ಜಾಸ್ತಿ ಓದುವುದು. ಚಿಕ್ಕಮ್ಮನ ಭಯವನ್ನು ಹಗುರ ಮಾಡಬೇಡ. ಕೊರಿಯಾದಲ್ಲಿ 2019ರ ಅಕ್ಟೋಬರ್, ನವೆಂಬರ್‌ನಲ್ಲಿ ಇಬ್ಬರು ಹೆಸರಾಂತ ಗಾಯಕಿಯರು ತೀರಿಹೋದರು. ಇಬ್ಬರೂ ಎಳೆಯ ವಯಸ್ಸಿನವರು, ಇಬ್ಬರ ಮೇಲೂ ಆನ್‌ಲೈನ್‌ನಲ್ಲಿ ವಿಪರೀತ ಕೆಟ್ಟ ಮಾತು ಬಂದಿತ್ತು. ಆ ಹೊತ್ತಿನಲ್ಲಿ ಅಲ್ಲಿನ ದೊಡ್ಡ ಪೋರ್ಟಲ್‌ಗಳಾದ ದೌಮ್, ಆಮೇಲೆ 2020ರಲ್ಲಿ ನೇವರ್, ಮನರಂಜನೆ ಸುದ್ದಿಯ ಕೆಳಗೆ ಕಾಮೆಂಟ್ ಹಾಕುವುದನ್ನೇ ಮುಚ್ಚಿಬಿಟ್ಟವು. ಅದಿರಲಿ, ಆ ಅಗ್ರಿಮೆಂಟ್ ಪಿಡಿಎಫ್ ಇಲ್ಲಿ ಹಾಕು. ಈಗಲೇ.

ಪ್ರಣವ್: [ಪಿಡಿಎಫ್]

ದೊಡ್ಡಪ್ಪ: ಇಪ್ಪತ್ತು ಪುಟ ಇದೆ. ನೀನು ಪೂರ್ತಿ ಓದಿದ್ದೀಯಾ?

ಪ್ರಣವ್: ದುಡ್ಡಿನ ಭಾಗ ಓದಿದ್ದೇನೆ ದೊಡ್ಡಪ್ಪ.

ಮೇಘಕ್ಕ: ಓದಿದೆ. ಕೇಳು. ಐದು ವರ್ಷ ಬೇರೆ ಯಾರ ಜೊತೆಗೂ ಕೆಲಸ ಮಾಡುವ ಹಾಗಿಲ್ಲ. ಬಂದ ದುಡ್ಡಿನಲ್ಲಿ ನೂರಕ್ಕೆ ನಲವತ್ತು ಅವರಿಗೆ, ಆ ಗ್ಯಾರಂಟಿ ದುಡ್ಡನ್ನು ನಿನ್ನ ಪಾಲಿನಿಂದಲೇ ಮುರಿದುಕೊಳ್ಳುತ್ತಾರೆ. ಅಂದರೆ ಅದು ಸಂಬಳ ಅಲ್ಲ, ಸಾಲ. ಖಾತೆಯ ಪಾಸ್‌ವರ್ಡ್ ಅವರ ಹತ್ತಿರ. ಎಲ್ಲಕ್ಕಿಂತ ಕೆಟ್ಟದ್ದು ಒಂಬತ್ತನೇ ಪುಟದಲ್ಲಿದೆ: ನಿನ್ನ ಮುಖ, ದನಿ, ಮಾತಿನ ಶೈಲಿಯನ್ನು ಎಐ ಬಳಸಿ ಯಾವ ಭಾಷೆಗೆ ಬೇಕಾದರೂ ಮಾಡಿಕೊಳ್ಳಬಹುದು, ಅಗ್ರಿಮೆಂಟ್ ಮುಗಿದ ಮೇಲೂ. ನಿನ್ನ ಕಂಡಕ್ಟರ್ ನೀನಿಲ್ಲದೆ ಹಿಂದಿಯಲ್ಲಿ, ತೆಲುಗಿನಲ್ಲಿ ಯಾವುದೋ ಲೋನ್ ಆ್ಯಪ್ ಮಾರಬಹುದು, ನೀನು ಕೇಳುವ ಹಾಗಿಲ್ಲ.

ಮೇಘಕ್ಕ: 2023ರಲ್ಲಿ ಅನಿಲ್ ಕಪೂರ್ ತನ್ನ ಹೆಸರು, ದನಿ, ಮುಖ ಯಾರೂ ಬಳಸಬಾರದು ಅಂತ ದೆಹಲಿ ಹೈಕೋರ್ಟಿಗೆ ಹೋಗಿ ಆದೇಶ ತಂದರು. 2024ರಲ್ಲಿ ಅರಿಜಿತ್ ಸಿಂಗ್ ತನ್ನ ದನಿಯನ್ನು ಎಐ ನಕಲು ಮಾಡಬಾರದು ಅಂತ ಬಾಂಬೆ ಹೈಕೋರ್ಟಿನಲ್ಲಿ ಆದೇಶ ಪಡೆದರು. ಅಂಥವರೇ ಕೋರ್ಟಿಗೆ ಹೋಗಿ ಕಾಪಾಡಿಕೊಳ್ಳುವುದನ್ನು ನೀನು ಒಂದು ಸಹಿಯಲ್ಲಿ ಬರೆದುಕೊಡುತ್ತಿದ್ದೀಯ.

ಪ್ರಣವ್: ಆದರೆ ಅಕ್ಕ, ಎಲ್ಲರೂ ಹೀಗೇ ಸಹಿ ಹಾಕ್ತಾರೆ ಅಂತ ಅವರು ಹೇಳಿದರು. ಬೇಡ ಅಂದರೆ ನನ್ನ ಜಾಗಕ್ಕೆ ಇನ್ನೊಬ್ಬನನ್ನು ತಗೋತಾರೆ. ಈಗ ಜನ ನನ್ನನ್ನು ನೋಡ್ತಿದ್ದಾರೆ, ಆರು ತಿಂಗಳಾದರೆ ಮರೆತೇ ಹೋಗುತ್ತಾರೆ. ಕಾಯೋಕೆ ನನಗೆ ಸಮಯ ಇಲ್ಲ. ಇದು ನಿಮಗೆ ಯಾರಿಗೂ ಅರ್ಥ ಆಗಲ್ಲ.

ಮೇಘಕ್ಕ: ಅರ್ಥ ಆಗುತ್ತದೆ. ಆ ಅವಸರವನ್ನು ನಂಬಿಕೊಂಡೇ ಅವರು ಇಂಥದ್ದನ್ನು ಕಳಿಸುವುದು. ನೀನು ಬಿಟಿಎಸ್ ಪೋಸ್ಟರ್ ಅಂಟಿಸಿಕೊಂಡಿದ್ದೆಯಲ್ಲ, ಅದೇ ಕೊರಿಯಾದ ಇನ್ನೊಂದು ಸಂಗತಿ ಹೇಳುತ್ತೇನೆ. 2009ರಲ್ಲಿ ಟಿವಿಎಕ್ಸ್‌ಕ್ಯೂ ಅನ್ನುವ ತಂಡದ ಮೂವರು ತಮ್ಮ ಕಂಪನಿ ಮೇಲೆ ಕೋರ್ಟಿಗೆ ಹೋದರು. ಅವರ ಒಪ್ಪಂದ 13 ವರ್ಷದ್ದು. ಆ ಹೊತ್ತಿಗೆ ಅವರು ಜಪಾನಿನಲ್ಲೂ ದೊಡ್ಡ ಸ್ಟಾರ್‌ಗಳು. ಇಂಥ ಒಪ್ಪಂದಗಳ ಬಗ್ಗೆ ಗಲಾಟೆ ಎದ್ದಿದ್ದ ಅದೇ ವರ್ಷ ಅಲ್ಲಿನ ಸರ್ಕಾರದ ಆಯೋಗ ಮಾದರಿ ಒಪ್ಪಂದ ತಂದು 7 ವರ್ಷದ ಮಿತಿ ಹಾಕಿತು. ಅಂದರೆ ಕೇಳಿದರೆ ಬದಲಾಗುತ್ತದೆ. ನಮ್ಮಲ್ಲಿ ರೀಲ್ ಮಾಡುವ ಹುಡುಗರಿಗೆ ಅಂಥ ಮಾದರಿ ಒಪ್ಪಂದವನ್ನು ನಾನಂತೂ ಕಂಡಿಲ್ಲ, ಅವರ ಪರ ನಿಲ್ಲುವ ಸಂಘವನ್ನೂ ಕಂಡಿಲ್ಲ. ಯಾರಾದರೂ ಇದನ್ನು ಮಾಡಲೇಬೇಕು. ಪ್ರತಿ ವಾರ ಇಂಥ ಇಪ್ಪತ್ತು ಪುಟ ನನ್ನ ಮೇಜಿಗೆ ಬರುತ್ತದೆ, ಸಹಿ ಹಾಕಿದವರಿಗೆ ಇಪ್ಪತ್ತು, ಇಪ್ಪತ್ತೊಂದು ವರ್ಷ. ನೋಡಿ ನೋಡಿ ಸಾಕಾಗಿದೆ.

ವಸು ಅತ್ತೆ: ಪ್ರಣವ್, ಮೇಘ ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾಳೆ ಪುಟ್ಟ. ಆ ಕಿಲಿಗೂ ಇಂಥದ್ದೇ ಕಾಗದ ಯಾರಾದರೂ ತಂದಿರಬಹುದಾ ಅಂತ ಯೋಚನೆ ಆಯಿತು ನನಗೆ.

ದೊಡ್ಡಪ್ಪ: ಕಂಡಕ್ಟರ್ ರೀಲ್ ಈಗ ನೋಡಿದೆ. ಚಿಲ್ಲರೆ ಇಲ್ಲ ಅಂತ ಜಗಳ ಆಡುವಾಗ ಟಿಕೆಟ್ ಹರಿಯುವ ಕೈ ನಿಲ್ಲುವುದೇ ಇಲ್ಲ, ಅದನ್ನು ಸರಿಯಾಗಿ ಗಮನಿಸಿದ್ದೀಯ. ಒಳ್ಳೆಯ ನಟನೆ. ಆದರೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅರ್ಧ ನಿಮಿಷದ್ದರ ಜೊತೆಗೆ ನಾಟಕವನ್ನೂ ಕಲಿ, ವೇದಿಕೆ ಮೇಲೆ ನಿಲ್ಲು. ಆ್ಯಪ್ ಹೋದರೂ ಕಲಿತದ್ದು ನಿನ್ನ ಹತ್ತಿರವೇ ಇರುತ್ತದೆ.

ಪ್ರಣವ್: ಥ್ಯಾಂಕ್ಸ್ ದೊಡ್ಡಪ್ಪ. ರೀಲ್ ಬಿಡಲ್ಲ ಮಾತ್ರ. ನಾಟಕ ಬೇಕಾದವರಿಗೆ ನಾಟಕ, ನನಗೆ ಇದು ಇಷ್ಟ.

ದೊಡ್ಡಪ್ಪ: ಬಿಡು ಅಂತ ಹೇಳಲಿಲ್ಲ. ಸಹಿ ಮಾತ್ರ ಈಗ ಹಾಕಬೇಡ. ನನ್ನ ಪರಿಚಯದ ವಕೀಲರೊಬ್ಬರಿಗೆ ಈಗಷ್ಟೇ ಫೋನ್ ಮಾಡಿದೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ. ಶೈಲಾ, ನೀನೂ ಬಾ. ಇಪ್ಪತ್ತು ಪುಟವನ್ನೂ ಪ್ರಿಂಟ್ ತೆಗೆಸಿಕೊಂಡು ಬನ್ನಿ.

ಮೇಘಕ್ಕ: ಒಂಬತ್ತನೇ ಪುಟ ಪೂರ್ತಿ ಹೊಡೆದು ಹಾಕಿ ಅಂತ ಕೇಳು. ಪಾಸ್‌ವರ್ಡ್ ಕೊಡಲ್ಲ ಅನ್ನು. ಅವಧಿ ಒಂದು ವರ್ಷ ಅನ್ನು. ಒಪ್ಪದಿದ್ದರೆ ಬಿಟ್ಟುಬಿಡು, ನನಗೆ ಗೊತ್ತಿರುವ ಬೇರೆಯವರ ಜೊತೆ ಮಾತಾಡುತ್ತೇನೆ.

ಪ್ರಣವ್: ಸರಿ ಅಕ್ಕ. ಶನಿವಾರದ ತನಕ ಸಮಯ ಕೊಡಿ ಅಂತ ಅವರಿಗೆ ಮೇಲ್ ಹಾಕಿದೆ.