ಸಿಗಾರಿನ ಬಾಣಂತನ

"ಮುಚ್ಚಳ ತೆಗೀಬೇಡ್ರೋ, ಗಾಳಿ ಹೋಗುತ್ತೆ!" ಎಂದು ವಿಶ್ವ ಕೂಗಿದ.

ಪೆಟ್ಟಿಗೆಯ ಮೇಲೆ ಕೈ ಇಟ್ಟಿದ್ದ ನಿಂಗಣ್ಣ ತಟ್ಟನೆ ಹಿಂದಕ್ಕೆ ಎಳೆದುಕೊಂಡ. "ಗಾಳಿ ಹೋದ್ರೆ ಏನಾಗುತ್ತೆ?"

"ಶೀತ ಆಗುತ್ತೆ," ಎಂದ ಸೀನಿ. "ಬಾಣಂತಿ ಕಣೋ ಒಳಗೆ ಮಲಗಿರೋದು. ಗಾಳಿ ಸೋಕಬಾರದು, ಬಿಸಿಲು ತಗಲಬಾರದು, ಬಂದವರೆಲ್ಲ ಬಾಗಿಲು ತೆಗೆದು ಇಣುಕಬಾರದು. ಸಾಂಬ್ರಾಣಿ ಹೊಗೆ ಹಾಕೋದೊಂದು ಬಾಕಿ. ಇಲ್ಲಿ ಹೊಗೆ ಬಾಣಂತೀನೇ ಕೊಡ್ತಾಳೆ, ಬಿಡು."

ವಿಶ್ವನಿಗೆ ಸಿಟ್ಟು ಬರಲಿಲ್ಲ. ಹೊಸ ಹುಚ್ಚು ಹಿಡಿದವರಿಗೆ ಸಿಟ್ಟು ಬರುವುದಿಲ್ಲ, ವಿವರಿಸುವ ಉತ್ಸಾಹ ಬರುತ್ತದೆ.

"ನೋಡು, ಸಿಗಾರ್ ಅಂದ್ರೆ ಪೂರ್ತಿ ಎಲೆ. ಒಳಗೆ ತುಂಬಿದ್ದು ಎಲೆ, ಅದನ್ನ ಹಿಡಿದಿಟ್ಟಿದ್ದು ಎಲೆ, ಮೇಲೆ ಸುತ್ತಿದ್ದು ಎಲೆ. ಒಣಗಿತೋ, ಮೇಲಿನ ಎಲೆ ಬಿರಿಯುತ್ತೆ, ಹೊಗೆ ಗಂಟಲು ಸುಡುತ್ತೆ. ನೆನೆಯಿತೋ, ಉರಿಯೋದೇ ಇಲ್ಲ, ಬೂಷ್ಟು ಬೇರೆ. ಒಳಗಿನ ತೇವ ಶೇಕಡಾ 65ರಿಂದ 70, ಉಷ್ಣಾಂಶ 21 ಡಿಗ್ರಿ ಆಸುಪಾಸು. ಇಷ್ಟು ನೋಡಿಕೊಂಡ್ರೆ ವರ್ಷಗಟ್ಟಲೆ ಇರುತ್ತೆ."

"21 ಡಿಗ್ರಿ! ಬೆಂಗಳೂರು ಹಾಗಿತ್ತು ಅಂತ ನಮ್ಮ ತಂದೆ ಹೇಳ್ತಿದ್ರು," ಎಂದರು ರಾಯರು, ಕೋಡುಬಳೆ ಮುರಿಯುತ್ತಾ. "ಈ ಮಾರ್ಚಿನಲ್ಲಿ ನಮ್ಮ ಹಾಲ್ ಒಳಗೇ 30 ಇದೆಯಲ್ಲಪ್ಪ."

"ಅದಕ್ಕೇ ದೇವರ ಕೋಣೆ ಪಕ್ಕದ ಗೂಡಿನಲ್ಲಿ ಇಟ್ಟಿರೋದು. ಮನೆಯಲ್ಲೆಲ್ಲ ತಂಪು ಅಂದ್ರೆ ಅದೊಂದೇ ಜಾಗ."

"ಅಲ್ಲಿದ್ದ ತಿಂಡಿ ಡಬ್ಬಗಳು?"

"ಕಿಟಕಿ ಮೇಲೆ," ಎಂದರು ಸುಮತಿ ಅತ್ತಿಗೆ, ಕಾಫಿ ಲೋಟಗಳನ್ನು ಇಡುತ್ತಾ. "ಬಿಸಿಲಿಗೆ ಎಣ್ಣೆ ಕಮಟು ಬಂದ್ರೆ ನನ್ನ ಬೈಬೇಡಿ. ಮತ್ತೆ ಯಾರಾದ್ರೂ ನನ್ನ ಉಪ್ಪಿನ ಡಬ್ಬ ನೋಡಿದ್ರಾ? ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ."

ಎಲ್ಲರ ಕಣ್ಣೂ ಟೀಪಾಯಿ ಮೇಲೆ ಹೋಯಿತು. ಡಬ್ಬ ಅಲ್ಲೇ ಇತ್ತು. ಪಕ್ಕದಲ್ಲಿ ಒಂದು ಜಿಪ್ ಕವರ್, ಬಾಯಿ ಬಿಗಿಯಾಗಿ ಒತ್ತಿ ಮುಚ್ಚಿದ್ದು. ಅದರೊಳಗೆ ನೀರಿನ ಬಾಟಲಿಯ ನೀಲಿ ಮುಚ್ಚಳ, ಮುಚ್ಚಳದ ತುಂಬ ಒದ್ದೆ ಉಪ್ಪು. ಅದರ ಬಗಲಿಗೇ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಮೀಟರ್, ಕವರಿನ ಒಳಮೈಗೆ ಮುಖ ಒತ್ತಿಕೊಂಡು ಕೂತಿತ್ತು.

"ಇದೇನು, ದೃಷ್ಟಿ ತೆಗೆದಿದ್ದಾ?" ಎಂದ ಸೀನಿ.

"ಪರೀಕ್ಷೆ ಕಣೋ. ತೇವ ಅಳೆಯೋ ಮೀಟರ್ ಸರಿ ಇದೆಯೋ ಇಲ್ವೋ ನೋಡೋದು ಹೀಗೇನೇ. ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ, ಕರಗಿ ಹೋಗದ ಹಾಗೆ ಕೆಸರು ಮಾಡಿ ಮುಚ್ಚಿದ ಕವರಿನಲ್ಲಿ ಇಟ್ರೆ, ಒಳಗಿನ ಗಾಳಿಯ ತೇವ ಶೇಕಡಾ 75ಕ್ಕೇ ಬಂದು ನಿಲ್ಲುತ್ತೆ. ಹೆಚ್ಚೂ ಇಲ್ಲ, ಕಡಿಮೇನೂ ಇಲ್ಲ. ಎಂಟು ಗಂಟೆ ಬಿಟ್ಟು ನೋಡಬೇಕು. ಮೀಟರ್ 75 ತೋರಿಸಿದ್ರೆ ಪಾಸು."

"ನಮ್ಮ ತೀರ್ಥಹಳ್ಳಿಯಲ್ಲಿ ಇದಕ್ಕೆ ಕವರ್ ಬೇಕಿರಲಿಲ್ಲ," ಎಂದರು ಅತ್ತಿಗೆ. "ಆಷಾಢ ಬಂದ್ರೆ ಭರಣಿಯಲ್ಲಿದ್ದ ಉಪ್ಪು ತಾನೇ ನೀರು ಬಿಡ್ತಿತ್ತು."

"ಅದೂ ಇದೇ ಲೆಕ್ಕ! ಗಾಳಿಯಲ್ಲಿ ತೇವ 75 ದಾಟಿದ್ರೆ ಉಪ್ಪು ನೀರು ಎಳ್ಕೊಳ್ಳುತ್ತೆ."

"ಹೌದಾ. ನಮ್ಮಮ್ಮ ಲೆಕ್ಕ ಇಲ್ಲದೇ ಹಪ್ಪಳದ ಡಬ್ಬಾನ ಒಲೆ ಮೇಲಿನ ಅಟ್ಟಕ್ಕೆ ಏರಿಸ್ತಿದ್ಲು. ನಾನು ಹುಟ್ಟಿದಾಗಿನಿಂದ ತೇವ ಓಡಿಸೋದೇ ಕೆಲಸ ಮಾಡಿದೀನಿ. ಇವರು ದುಡ್ಡು ಕೊಟ್ಟು ತೇವ ಸಾಕ್ತಿದ್ದಾರೆ."

"ಪೆಟ್ಟಿಗೇನ ಆಗುಂಬೆಗೆ ಕಳಿಸಿಬಿಡು ವಿಶ್ವ," ಎಂದ ಸೀನಿ. "ಬಾಣಂತನ ತವರಿನಲ್ಲೇ ಆಗಬೇಕು. ಖರ್ಚೂ ಇರಲ್ಲ."

"ಅಲ್ಲಿ ಮಳೆಗಾಲದಲ್ಲಿ ತೊಂಬತ್ತು ದಾಟುತ್ತೆ. ಇಲ್ಲಿ ಮಾರ್ಚ್ ಮಧ್ಯಾಹ್ನ ಮೂವತ್ತಕ್ಕೆ ಇಳಿಯುತ್ತೆ. ಎರಡೂ ಕೆಟ್ಟದ್ದೇ. ಅದಕ್ಕೇ ಪೆಟ್ಟಿಗೆ ಬೇಕಾಗಿರೋದು." ವಿಶ್ವ ಪೆಟ್ಟಿಗೆಯ ಮೈ ಸವರಿದ. "ಒಳಗಿನ ಮರ ನೋಡು, ಸ್ಪ್ಯಾನಿಷ್ ಸೀಡರ್. ತೇವ ಹೀರುತ್ತೆ, ಬೇಕಾದಾಗ ಬಿಡುತ್ತೆ. ನಮ್ಮ ಬೇವಿನ ಕುಟುಂಬದ್ದೇ ಮರ."

"ನೋಡಿ ರಾಯರೇ! ಬಾಣಂತಿ ಕೋಣೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟೋದು ಮರೆತಿದ್ದಾನೆ ಅಂದ್ಕೊಂಡಿದ್ದೆ. ಕೋಣೇನೇ ಬೇವಿಂದು ಕಟ್ಟಿಸಿದ್ದಾನೆ."

"ಹೊಸ ಪೆಟ್ಟಿಗೆಗೆ ಸೀದಾ ಸಿಗಾರ್ ಇಡಬಾರದು. ಒಣಮರ ಸಿಗಾರಿನ ತೇವಾನೇ ಕುಡಿದುಬಿಡುತ್ತೆ. ಮೊದಲು ಎರಡು ವಾರ ಒಳಗೆ ಬಟ್ಟಲಲ್ಲಿ ನೀರಿಟ್ಟು ಮರಕ್ಕೆ ಕುಡಿಸಬೇಕು."

"ಅದು ಸೀಮಂತ," ಎಂದ ಸೀನಿ. "ನಮ್ಮನ್ನ ಕರೀಲೇ ಇಲ್ಲ."

"ಏನು ನೀರು? ಕಾವೇರಿ ನೀರಾ?" ಎಂದು ನಿಂಗಣ್ಣ ಕೇಳಿದ.

"ಛೆ, ನಲ್ಲಿ ನೀರು ಆಗಲ್ಲ. ಪೆಟ್ಟಿಗೆಯೊಳಗೆ ತೇವ ಕೊಡೋಕೆ ಇಟ್ಟಿರೋ ಸ್ಪಂಜಿಗೆ ಸುಣ್ಣದಂಶ ಕಟ್ಟಿಕೊಳ್ಳುತ್ತೆ, ಬೂಷ್ಟಿಗೂ ದಾರಿ. ಡಿಸ್ಟಿಲ್ಡ್ ವಾಟರ್ ಬೇಕು. ಬ್ಯಾಟರಿ ಅಂಗಡಿಯಿಂದ ಐದು ಲೀಟರ್ ಕ್ಯಾನ್ ತಂದೆ."

"ಮೊನ್ನೆ ಕರೆಂಟ್ ಹೋದಾಗ ಯುಪಿಎಸ್ ಕೀಂ ಅಂತ ಕೂಗಿ ಸತ್ತುಹೋಯ್ತು," ಎಂದರು ಅತ್ತಿಗೆ. "ನೋಡಿದ್ರೆ ಬ್ಯಾಟರಿಯಲ್ಲಿ ನೀರಿಲ್ಲ. ಕ್ಯಾನ್ ತುಂಬ ಇದೆ, ಮುಟ್ಟೋ ಹಾಗಿಲ್ಲ."

ಸೀನಿ ಲೋಟ ಕೆಳಗಿಟ್ಟ. "ಇಷ್ಟು ವರ್ಷ ಬೋರ್‌ವೆಲ್ ನೀರು ಕುಡಿದವರು ನಾವು. ಪಾತ್ರೆ ತಳದಲ್ಲಿ ಗೋಡೆಗೆ ಬಳಿಯೋ ಅಷ್ಟು ಸುಣ್ಣ ಕೂರುತ್ತೆ. ಅದು ನಮ್ಮ ಹೊಟ್ಟೆಗೆ ಆಗುತ್ತೆ, ಇವನ ಸಿಗಾರಿಗೆ ಆಗಲ್ಲ."

"ಫ್ರೀಜರ್ ವಿಷಯ ಹೇಳಿ," ಎಂದರು ಅತ್ತಿಗೆ. ಇಂದು ಅವರದ್ದೇ ದಿನ.

"ಅದು ಹುಳಕ್ಕೆ," ಎಂದ ವಿಶ್ವ, ಸ್ವಲ್ಪ ತಗ್ಗಿದ ದನಿಯಲ್ಲಿ. "ತಂಬಾಕಿನಲ್ಲಿ ಒಂದು ಸಣ್ಣ ಕಂದು ಹುಳದ ಮೊಟ್ಟೆ ಇರಬಹುದು. ಸೆಕೆ ಜಾಸ್ತಿಯಾದ್ರೆ ಒಡೆದು ಮರಿ ಬಂದು ಸಿಗಾರಿಗೆ ಸೂಜಿತೂತು ಕೊರೆಯುತ್ತೆ. ಅದಕ್ಕೇ ತಂದ ತಕ್ಷಣ ಮೂರು ದಿನ ಫ್ರೀಜರ್‌ನಲ್ಲಿ ಇಟ್ಟು, ಆಮೇಲೆ ನಿಧಾನಕ್ಕೆ ಹೊರಗೆ ತರೋದು."

"ನನ್ನ ಹಿತಕಿದ ಅವರೆಬೇಳೆ ಪ್ಯಾಕೆಟ್ ತೆಗೆದು ಪಕ್ಕದ ಮನೆಗೆ ಕೊಟ್ಟರು! ಜನವರಿಯಲ್ಲಿ ಕೂತು ಹಿತಕಿದ್ದು."

"ಅದೇ ಹುಳ ನಿನ್ನ ಧನಿಯಾಗೂ ಮೆಣಸಿನಕಾಯಿಗೂ ಬೀಳುತ್ತೆ, ಗೊತ್ತಾ?"

"ಹಾಗಾದ್ರೆ ಹೋದ ತಿಂಗಳು ಧನಿಯಾ ಡಬ್ಬಕ್ಕೆ ಬಿದ್ದಿದ್ದು ನಿಮ್ಮ ಪೆಟ್ಟಿಗೇದು."

"ನಿನ್ನ ಧನಿಯಾದಿಂದ ನನ್ನ ಪೆಟ್ಟಿಗೆಗೆ ಬರದಿದ್ರೆ ಸಾಕು ಅಂತ ನಾನು ಇದ್ದೀನಿ."

ಸಂಸಾರದ ಮಾತು ಬೆಳೆಯುವ ಲಕ್ಷಣ ಕಂಡು ರಾಯರು ಕೆನಡಿಯನ್ನು ಕರೆತಂದರು. ಅವರು ಯಾವ ಜಗಳಕ್ಕೂ ಯಾರಾದರೊಬ್ಬ ಅಮೆರಿಕದ ಅಧ್ಯಕ್ಷರನ್ನು ತರುತ್ತಾರೆ. "1962ರ ಫೆಬ್ರವರಿ. ಕ್ಯೂಬಾದ ಮಾಲಿಗೆ ನಿಷೇಧ ಹಾಕೋ ಕಾಗದ ಸಿದ್ಧವಾಗಿದೆ. ಕೆನಡಿ ತನ್ನ ಪತ್ರಿಕಾ ಕಾರ್ಯದರ್ಶಿ ಸ್ಯಾಲಿಂಜರ್‌ನ ಕರೆದು, ನನಗೊಂದು ಸಾವಿರ ಕ್ಯೂಬನ್ ಸಿಗಾರ್ ಬೇಕು, ನಾಳೆ ಬೆಳಿಗ್ಗೆಯೊಳಗೆ ಅಂದ. ಆತ ಊರೆಲ್ಲ ಅಲೆದು 1,200 ತಂದ. ಆಮೇಲೆ ಕೆನಡಿ ಸಹಿ ಹಾಕಿದ. ಸ್ಯಾಲಿಂಜರ್ ತಾನೇ ಬರೆದಿದ್ದಾನೆ."

"ಆಳೋರೆಲ್ಲ ಒಂದೇ ಜಾತಿ," ಎಂದ ನಿಂಗಣ್ಣ.

"ಕೆನಡಿಗೆ ಹಾಸ್ಯ ನಟ ಮಿಲ್ಟನ್ ಬರ್ಲ್ ಕೊಟ್ಟಿದ್ದ ಹ್ಯೂಮಿಡಾರ್, ಅಂದ್ರೆ ಇಂಥದ್ದೇ ಸಿಗಾರ್ ಪೆಟ್ಟಿಗೆ, 1996ರಲ್ಲಿ ಸೋದಬೀಸ್‌ನಲ್ಲಿ ಹರಾಜಾಯ್ತು. 5,74,500 ಡಾಲರ್!"

"ಬಾಣಂತಿ ಕೋಣೆಗೆ ಐದೂಮುಕ್ಕಾಲು ಲಕ್ಷ ಡಾಲರ್," ಎಂದು ಸೀನಿ ಲೆಕ್ಕ ಹಾಕಿದ. "ನಮ್ಮ ಕಡೆ ಹೆರಿಗೆ ವಾರ್ಡೇ ಕಟ್ಟಿಸಬಹುದಿತ್ತು. ವಿಶ್ವ, ನಿಂಗೆ ಇದಕ್ಕೆ ಎಷ್ಟಾಯ್ತು?"

ವಿಶ್ವ ಅಡುಗೆಮನೆ ಕಡೆ ನೋಡಿ, ಕೇಳಿಸದವನ ಹಾಗೆ ಕೂತ.

ಆಗಲೇ ವಿಶ್ವನ ಮೊಬೈಲ್ ಟುಂಯ್ ಎಂದಿತು. ಮೀಟರ್ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ತೇವ ಇಳಿದರೂ ಟುಂಯ್, ಏರಿದರೂ ಟುಂಯ್. ರಾತ್ರಿ ಎರಡಕ್ಕೂ ಟುಂಯ್.

"ಟುಂಯ್ ಅಂದ್ರೆ ಎದ್ದು ಹೋಗ್ತಾರೆ," ಎಂದರು ಅತ್ತಿಗೆ. "ಟಾರ್ಚ್ ಹಿಡ್ಕೊಂಡು ಸ್ಪಂಜಿಗೆ ಡ್ರಾಪರ್‌ನಲ್ಲಿ ನೀರು ಬಿಟ್ಟು, ಮುಚ್ಚಿ, ಹತ್ತು ನಿಮಿಷ ಅಲ್ಲೇ ನಿಂತಿರ್ತಾರೆ. ನಂದು ಎರಡು ಬಾಣಂತನ ಆಯ್ತು. ಮೊದಲನೇದಕ್ಕೆ ಇವರಿಗೆ ರಾಯಚೂರು ಬ್ರಾಂಚಿನ ಆಡಿಟ್. ಎರಡನೇದಕ್ಕೆ ಪ್ರಮೋಷನ್ ಟ್ರೈನಿಂಗ್. ಒಂದು ರಾತ್ರಿ ಎದ್ದವರಲ್ಲ."

ಯಾರೂ ನಗಲಿಲ್ಲ ಎಂದಲ್ಲ, ನಕ್ಕರು. ವಿಶ್ವನೇ ಎಲ್ಲರಿಗಿಂತ ಜೋರಾಗಿ ನಕ್ಕ, ಸ್ವಲ್ಪ ಬೇಗ ನಿಲ್ಲಿಸಿದ.

"ಆಗ ಟುಂಯ್ ಅನ್ನೋ ಮೀಟರ್ ಇರಲಿಲ್ಲ ಅತ್ತಿಗೆ," ಎಂದ ಸೀನಿ. "ಮಗು ಬರೀ ಅಳ್ತಿತ್ತು. ಅದು ಗಂಡಸರ ಕಿವಿಗೆ ಬೀಳಲ್ಲ. ಈಗಿನವರಿಗೆ ನಂಬರ್ ಬೇಕು. ನಿದ್ದೆ ಬಂತೋ ಇಲ್ವೋ ಕೈಗಡಿಯಾರ ಹೇಳಬೇಕು. ಮೊನ್ನೆ ನನ್ನ ಅಳಿಯ ಬೆಳಿಗ್ಗೆ ಎದ್ದು ಆಕಳಿಸ್ತಾ ಗಡಿಯಾರ ನೋಡಿ, ಮಾವ, ಚೆನ್ನಾಗಿ ನಿದ್ದೆ ಮಾಡಿದೀನಂತೆ ಅಂದ."

ನಿಂಗಣ್ಣ ಅಷ್ಟರಲ್ಲಿ ಮುಚ್ಚಳ ತೆಗೆದುಬಿಟ್ಟಿದ್ದ. ಯಾರೂ ನೋಡದಾಗ ಒಂದು ಸಿಗಾರ್ ಎತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಮೆಲ್ಲಗೆ ಒತ್ತಿದ. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಒತ್ತಿದ. "ನೀರು ಜಾಸ್ತಿಯಾಗಿದೆ."

"ಸುಮ್ನಿರೋ. ನಿನ್ನೆ ರಾತ್ರಿ ಮೀಟರ್ ತೆಗೆಯೋವಾಗ ಸರಿಯಾಗಿ 70 ಇತ್ತು."

"ಅದೆಲ್ಲ ಗೊತ್ತಿಲ್ಲ. ಒತ್ತಿದ್ರೆ ವಾಪಸ್ ಏಳಬೇಕು. ಇದು ಒತ್ತಿದ ಹಾಗೇ ಕೂರುತ್ತೆ."

"ನಿಮ್ಮ ಪಿರಿಯಾಪಟ್ಟಣದಲ್ಲಿ ಯಾವಾಗಿಂದ ಸಿಗಾರ್?"

"ಸಿಗಾರ್ ಇಲ್ಲ, ವರ್ಜೀನಿಯಾ ತಂಬಾಕು. ಸಿಗರೇಟಿಗೆ ಹೋಗೋದು. ಎಲೆ ಬೇರೆ, ಹದ ಒಂದೇ." ನಿಂಗಣ್ಣ ಸಿಗಾರನ್ನು ಕೈಯಲ್ಲೇ ಹಿಡಿದುಕೊಂಡ. "ಬ್ಯಾರನ್‌ಗೆ, ಅಂದ್ರೆ ಎಲೆ ಒಣಗಿಸೋ ಮನೆಗೆ, ಎಲೆ ಏರಿಸಿದ್ರೆ ಆರೇಳು ದಿನ ಸೌದೆ ಬೆಂಕಿ. ನಮ್ಮಪ್ಪ ಅಲ್ಲೇ ಮಲಗ್ತಿದ್ದ. ಬೆಂಕಿ ಆರಿಸಿದ ಮೇಲೆ ಎಲೆ ಹೇಗಿರುತ್ತೆ ಅಂದ್ರೆ ಮುಟ್ಟಿದ್ರೆ ಪುಡಿ. ಹಾಗೇ ಇಳಿಸಿದ್ರೆ ವರ್ಷದ ದುಡಿಮೆ ಕಸ. ಅದಕ್ಕೇ ರಾತ್ರಿ ಬಾಗಿಲು ತೆಗೆದು ತಂಪು ಗಾಳಿ ಒಳಗೆ ಬಿಡೋದು. ಎಷ್ಟು ಹೊತ್ತು ಬಿಡಬೇಕು ಅಂತ ಯಾವ ಪುಸ್ತಕದಲ್ಲೂ ನೋಡ್ತಿರಲಿಲ್ಲ. ಎದ್ದು ಹೋಗೋನು, ಕತ್ತಲಲ್ಲೇ ಒಂದು ಎಲೆ ಮುಷ್ಟಿಯಲ್ಲಿ ಹಿಡಿಯೋನು. ಚರ್ ಅಂದ್ರೆ ಬಂದು ಮಲಗೋನು. ಸದ್ದಿಲ್ಲದೆ ಮಡಿಸಿಕೊಂಡು, ಬಿಟ್ಟರೆ ಬಿಚ್ಚಿಕೊಂಡ್ರೆ, ಏಳ್ರೋ ಅಂತ ನಮ್ಮನ್ನ ಎಬ್ಬಿಸೋನು. ಇಳಿಸೋಕೆ. ತೇವ ಹೆಚ್ಚಾದ ಬೇಲ್ ಹರಾಜಿಗೆ ಹೋದ್ರೆ ಕೊಳ್ಳೋರು ಮೂಗು ಮುರೀತಾರೆ."

"ಅಪ್ಪ ಸೇದ್ತಿದ್ರಾ?"

"ಬೀಡಿ. ನಾವು ಬೆಳೆದ ಎಲೆ ಯಾವ ಸಿಗರೇಟಿಗೆ ಹೋಗ್ತಿತ್ತೋ, ಅವನಿಗೆ ಗೊತ್ತೇ ಇರಲಿಲ್ಲ. ಕೊನೆಗೆ ಉಬ್ಬಸ. ನನ್ನ ಕೈಗೆ ಹದ ಬಂತು, ನಾನು ಬೆಂಗಳೂರಿಗೆ ಬಂದೆ. ನನ್ನ ಮಗನ ಕೈಗೆ ಮೊಬೈಲ್ ಬಂದಿದೆ."

ರಾಯರ ಹತ್ತಿರ ಇದಕ್ಕೆ ಹೊಂದುವ ಅಮೆರಿಕದ ಅಧ್ಯಕ್ಷರು ಯಾರೂ ಇರಲಿಲ್ಲ.

"ಎಂಟು ಗಂಟೆ ಆಯ್ತಲ್ಲ, ಆ ಉಪ್ಪು ನೋಡು," ಎಂದ ಸೀನಿ.

ವಿಶ್ವ ಕವರನ್ನು ಬೆಳಕಿಗೆ ಹಿಡಿದ. ಕನ್ನಡಕ ಮೇಲೆ ತಳ್ಳಿ ನೋಡಿದ, ಕೆಳಗೆ ಇಳಿಸಿ ನೋಡಿದ. ಮೀಟರ್ 67 ತೋರಿಸುತ್ತಿತ್ತು.

"75 ಇರಬೇಕಿತ್ತು," ಎಂದು ರಾಯರು ನೆನಪಿಸಿದರು.

"ಎಂಟು ಕಡಿಮೆ ತೋರಿಸ್ತಿದೆ."

"ಅಂದ್ರೆ ನಿನ್ನ 70 ಅಂದ್ರೆ 78," ಎಂದ ಸೀನಿ. "ಪಾಪ, ರಾತ್ರಿಯೆಲ್ಲ ಎದ್ದು ಎದ್ದು ಹೊಟ್ಟೆ ತುಂಬಿದ ಬಾಣಂತಿಗೇ ಕುಡಿಸಿದ್ದೀಯ. ಅವಳು ಬೇಡ ಬೇಡ ಅಂದಿರ್ತಾಳೆ, ನೀನು ಮೊಬೈಲ್ ನೋಡ್ಕೊಂಡು ಇನ್ನೊಂದು ಗುಟುಕು ಅಂದಿರ್ತೀಯ."

"ಈಗೇನು ಮಾಡೋದು?"

"ಸ್ಪಂಜು ಹೊರಗೆ ತೆಗಿ," ಎಂದ ನಿಂಗಣ್ಣ. "ದಿನಾ ಸ್ವಲ್ಪ ಹೊತ್ತು ಮುಚ್ಚಳ ಓರೆ ಮಾಡು. ಒಂದೇ ಸಲ ತೆಗೆದಿಟ್ರೆ ಈ ಬಿಸಿಲುಗಾಳಿಗೆ ಮೇಲಿನ ಎಲೆ ಸೀಳುತ್ತೆ."

"ಬೊವೇಡಾ ಅಂತ ಪ್ಯಾಕೆಟ್ ಬರುತ್ತೆ," ಎಂದ ವಿಶ್ವ, ಜೀವ ಬಂದವನಾಗಿ. "ತೇವ ಹೆಚ್ಚಿದ್ರೆ ಎಳ್ಕೊಳ್ಳುತ್ತೆ, ಕಡಿಮೆ ಆದ್ರೆ ಬಿಡುತ್ತೆ. 65ರದ್ದು ಎರಡು ಹಾಕಿದ್ರೆ ಸ್ಪಂಜೂ ಬೇಡ, ಡ್ರಾಪರೂ ಬೇಡ."

"ಒಳಗೇನಿರುತ್ತೆ ಅದರಲ್ಲಿ?"

"ಉಪ್ಪಿನ ದ್ರಾವಣ."

"ಮತ್ತೆ ಉಪ್ಪಾ!" ಎಂದು ಅತ್ತಿಗೆ ತಮ್ಮ ಡಬ್ಬ ಎತ್ತಿಕೊಂಡು ಒಳಗೆ ಹೋದರು.

ಅವರು ಹೋದ ಮೇಲೆ ಸೀನಿ ದನಿ ತಗ್ಗಿಸಿದ. "ಅಲ್ಲಯ್ಯ, ಸ್ಟೆಂಟ್ ಹಾಕಿದ ದಿನಾನೇ ಡಾಕ್ಟರು ನಿಂಗೆ ಕಡ್ಡಿ ಮುರಿದ ಹಾಗೆ ಹೇಳಿದ್ರಲ್ಲ. ಸೇದೋ ಹಾಗಿಲ್ಲ. ಮತ್ತೆ ಈ ಇಪ್ಪತ್ತೈದು ಯಾರಿಗೆ?"

"ಇಪ್ಪತ್ಮೂರು. ನಾನು ಸೇದಿ ಎರಡು ವರ್ಷ ಆಯ್ತು." ವಿಶ್ವ ನಿಂಗಣ್ಣನ ಕೈಯಿಂದ ಸಿಗಾರ್ ತೆಗೆದು ಅದರ ಜಾಗಕ್ಕೇ ಇಟ್ಟ. "ಹೋದ ಸಲ ಬಂದಾಗ ಮಗ ತಂದಿದ್ದು. ಸುಂಕ ಇಲ್ಲದೆ ತರೋಕೆ ಬಿಡೋದು ಇಪ್ಪತ್ತೈದೇ. ನಿಕರಾಗುವಾದ್ದು, ರೊಬಸ್ಟೊ ಅನ್ನೋ ಗಿಡ್ಡ ಅಳತೇದು. ಫೋನಲ್ಲಿ ಅವನ ಮಾತು ನಿಮಗೆ ಗೊತ್ತಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಸರಿ ಇಡ್ತೀನಿ. ಆದ್ರೆ ಅವತ್ತು ಇಬ್ರೂ ತಾರಸಿ ಮೇಲೆ ಒಂದೊಂದು ಹಚ್ಚಿದ್ವಿ. ಸಿಗಾರ್ ಸಿಗರೇಟಿನ ಹಾಗಲ್ಲ, ಅವಸರ ಮಾಡೋಕಾಗಲ್ಲ. ಮುಕ್ಕಾಲು ಗಂಟೆ ಆಗುತ್ತೆ. ಎದ್ದು ಹೋಗೋಕಾಗಲ್ಲ ಅಂತ ಕೂತ. ಕೂತ ಅಂತ ಮಾತಾಡಿದ. ಅವನ ಆಫೀಸು, ಅವಳ ಜೊತೆ ಜಗಳ, ಸಣ್ಣವನಿದ್ದಾಗ ನಾನು ಹೊಡೆದಿದ್ದು. ಎಲ್ಲಾ. ಮುಂದಿನ ಸಲ ಅವನು ಹಚ್ಚಲಿ, ನಾನು ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ. ಅಷ್ಟು ಹೊತ್ತಿಗೆ ಇದು ಒಣಗಿ ಹೋಗಿರಬಾರದು, ಅಷ್ಟೇ."

"ಯಾವಾಗ ಬರ್ತಾನೆ?"

"ಡಿಸೆಂಬರ್ ಅಂತಾನೆ. ಹೋದ ವರ್ಷಾನೂ ಡಿಸೆಂಬರ್ ಅಂದಿದ್ದ."

ಸೀನಿ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದ. ನಂತರ ಕೇಳಿದ: "ಇದಕ್ಕಿಂತ ಉದ್ದದ್ದು ಯಾವುದಿದೆ?"

"ಚರ್ಚಿಲ್ ಅಂತ ಇದೆ. ಏಳು ಇಂಚು."

"ಎಷ್ಟು ಹೊತ್ತು ಉರಿಯುತ್ತೆ?"

"ಒಂದೂವರೆ ಗಂಟೆ ಹಿಡಿಯುತ್ತೆ."

"ಹಾಗಾದ್ರೆ ಅದನ್ನೇ ತರೋಕೆ ಹೇಳೋ ಪುಣ್ಯಾತ್ಮ!"

ವಿಶ್ವ ಗೇಣು ಹಾಕಿ ಪೆಟ್ಟಿಗೆ ಅಳೆದ. ಮುಖ ಸಪ್ಪಗಾಯಿತು. "ಇದರಲ್ಲಿ ಹಿಡಿಸಲ್ಲ ಕಣೋ. ದೊಡ್ಡ ಪೆಟ್ಟಿಗೇನೇ ಬೇಕಾಗುತ್ತೆ."

"ಏನಂದ್ರಿ?" ಎಂದು ಒಳಗಿನಿಂದ ಕೇಳಿಸಿತು.