ಕಾಟ್ಲಿನ್ ಪ್ರಶ್ನೋತ್ತರ: ಯುಟಿಲ್ಸ್‌ನೊಳಗೆ ಏನೇನು ತುಂಬಬಹುದು?

ಪ್ರಶ್ನೆ (ಮೈಸೂರಿನ ಸದಸ್ಯರು): ಜಾವಾ ಭಾಷೆಯಿಂದ ಕಾಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬರುತ್ತಿದ್ದೇವೆ. ಹಳೆಯ ಸ್ಟ್ಯಾಟಿಕ್ ಫಂಕ್ಷನ್‌ಗಳನ್ನೆಲ್ಲ (ವಸ್ತು ಸೃಷ್ಟಿಸದೆ ಕರೆಯುವಂಥವು) ಯುಟಿಲ್ಸ್ ಎಂಬ ಒಂದು ಆಬ್ಜೆಕ್ಟ್‌ಗೆ, ಅಂದರೆ ಒಂದೇ ಪ್ರತಿ ಇರುವ ವಸ್ತುವಿಗೆ (ಸಿಂಗಲ್ಟನ್), ತುಂಬಬೇಕೆ?

ಉತ್ತರ: ಬೇಡ. ಏನನ್ನೂ ನೆನಪಿಟ್ಟುಕೊಳ್ಳದ ಫಂಕ್ಷನ್‌ಗೆ ಕ್ಲಾಸಿನ ಹಂಗಿಲ್ಲ. ಕಡತದಲ್ಲಿ ನೇರವಾಗಿ ಬರೆಯಿರಿ. ಜಾವಾ ಕಡೆಯಿಂದ ಕರೆಯುವವರಿದ್ದರೆ ಅವರಿಗೆ ಕಾಣುವ ಕ್ಲಾಸಿನ ಹೆಸರಾಗಿ ಕಡತಕ್ಕೆ ಜೆವಿಎಂನೇಮ್ ಕೊಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ನಮ್ಮ ಬಿಲ್ಲಿಂಗ್ ಸರ್ವರ್‌ನಲ್ಲಿ ದಿನಕ್ಕೆ ಎರಡು ಮೂರು ರಸೀದಿಗಳ ದಿನಾಂಕ ಮಾತ್ರ ತಪ್ಪುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿ. ಡೇಟ್‌ಯುಟಿಲ್ಸ್ ಎಂಬ ಆಬ್ಜೆಕ್ಟ್‌ನಲ್ಲಿ ಒಂದೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ (ದಿನಾಂಕವನ್ನು ಪಠ್ಯವಾಗಿಸುವ ಜಾವಾ ವಸ್ತು) ಇದೆ, ಅದೂ ವ್ಯಾಲ್.

ಉತ್ತರ: ಕಳ್ಳನನ್ನು ನೀವೇ ಹಿಡಿದುಕೊಟ್ಟಿದ್ದೀರಿ. ಆಬ್ಜೆಕ್ಟ್ ಮೊದಲ ಬಳಕೆಯಲ್ಲಿ ಒಂದೇ ಒಂದು ಸಲ ಹುಟ್ಟುತ್ತದೆ, ಎಷ್ಟು ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸಗಳು) ಮುಗಿಬಿದ್ದರೂ ಸರಿ. ಭರವಸೆ ಅಷ್ಟಕ್ಕೇ. ವ್ಯಾಲ್ ಎಂದರೆ ಆ ಹೆಸರು ಬೇರೆ ವಸ್ತುವನ್ನು ತೋರಿಸುವುದಿಲ್ಲ ಎಂದಷ್ಟೇ. ವಸ್ತುವಿನ ಹೊಟ್ಟೆಯೊಳಗೆ ಏನಾದರೂ ಬದಲಾಗಬಹುದು. ಸಿಂಪಲ್‌ಡೇಟ್‌ಫಾರ್ಮ್ಯಾಟ್‌ನ ಒಳಗೊಂದು ಕ್ಯಾಲೆಂಡರ್ ಇದೆ. ದಿನಾಂಕವನ್ನು ಮೊದಲು ಅದರಲ್ಲಿ ಇಟ್ಟು, ಆಮೇಲೆ ಅಲ್ಲಿಂದ ಓದುತ್ತದೆ. ಒಂದು ಥ್ರೆಡ್ 14 ಎಂದು ಇಟ್ಟು ಓದುವಷ್ಟರಲ್ಲಿ ಇನ್ನೊಂದು ಬಂದು 3 ಎಂದು ಇಟ್ಟರೆ, ಮೊದಲನೆಯವರ ರಸೀದಿಯಲ್ಲಿ 3 ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ನೀವೊಬ್ಬರೇ ಗಿರಾಕಿ, ನೂಕುನುಗ್ಗಲು ಎಲ್ಲಿಂದ ಬರಬೇಕು? ಜಾವಾ 8ರ ಜೊತೆ 2014ರಲ್ಲೇ ಬಂದ ಡೇಟ್‌ಟೈಮ್‌ಫಾರ್ಮ್ಯಾಟರ್ ಬಳಸಿ. ಅದು ಬದಲಾಗದ ವಸ್ತು, ಹಂಚಿಕೊಂಡರೂ ಅಪಾಯವಿಲ್ಲ. ನನ್ನ ಚಿಂತೆ ಬೇರೆ: ಪಾರ್ಸ್ ಮಾಡುವುದೂ (ಪಠ್ಯದಿಂದ ದಿನಾಂಕ ಓದುವುದೂ) ಇದೇ ಆಬ್ಜೆಕ್ಟ್ ಆದರೆ ಡೇಟಾಬೇಸಿನಲ್ಲೂ ತಪ್ಪು ದಿನಾಂಕಗಳು ಕೂತಿರುತ್ತವೆ. ಇವತ್ತೇ ನೋಡಿ.

ಸದಸ್ಯರೊಬ್ಬರು: ವಾಟ್ಸಾಪ್‌ನಲ್ಲಿ ಬಂದ ಪರಿಹಾರ: ‘ಸಿಂಗಲ್ಟನ್ ಕೆಟ್ಟರೆ ವೋಲಟೈಲ್ ಹಾಕಿ, ಎರಡು ಸಲ ನಲ್ ಪರೀಕ್ಷಿಸಿ.’

ಉತ್ತರ: ವ್ಯಾಲ್‌ಗೆ ವೋಲಟೈಲ್ (ಬದಲಾವಣೆ ಎಲ್ಲ ಥ್ರೆಡ್‌ಗಳಿಗೂ ಕಾಣಲೆಂದು ಹಾಕುವ ಗುರುತು) ಹಾಕಿದರೆ ಕಂಪೈಲರೇ ಒಪ್ಪುವುದಿಲ್ಲ. ಕಳುಹಿಸಿದವರು ಒಮ್ಮೆಯಾದರೂ ಕಂಪೈಲ್ ಮಾಡಿದ್ದಾರೆಯೇ? ಆ ಪರಿಹಾರ ಎರಡು ವಸ್ತು ಹುಟ್ಟದಂತೆ ತಡೆಯುವ ಔಷಧ. ಇಲ್ಲಿ ಹುಟ್ಟಿದ ಒಂದರಿಂದಲೇ ತೊಂದರೆ.

ಪ್ರಶ್ನೆ: ಆಬ್ಜೆಕ್ಟ್‌ಗೆ ಕನ್‌ಸ್ಟ್ರಕ್ಟರ್ ಇಲ್ಲವಲ್ಲ, ಆಂಡ್ರಾಯ್ಡ್ ಕಾಂಟೆಕ್ಸ್ಟ್ (ಆ್ಯಪ್‌ನ ಸಂಪನ್ಮೂಲಗಳನ್ನು ಮುಟ್ಟಲು ಬೇಕಾದ ವಸ್ತು) ಕೊಡುವುದು ಹೇಗೆ?

ಇನ್ನೊಬ್ಬ ಸದಸ್ಯರು: ಸಿಂಗಲ್ಟನ್ ಬಳಸುವುದೇ ತಪ್ಪು. ಡಿಪೆಂಡೆನ್ಸಿ ಇಂಜೆಕ್ಷನ್ (ಬೇಕಾದ ವಸ್ತುವನ್ನು ಹೊರಗಿನಿಂದ ಕೊಡುವ ಕ್ರಮ) ಕಲಿಯಿರಿ.

ಮತ್ತೊಬ್ಬರು: ನಾಲ್ಕು ಪರದೆಯ ಆ್ಯಪ್‌ಗೆ ಡ್ಯಾಗರ್‌ನಂಥ ಇಂಜೆಕ್ಷನ್ ಲೈಬ್ರರಿ ಏಕೆ? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಇನ್ನೊಬ್ಬ ಸದಸ್ಯರು: ಟೆಸ್ಟ್ ಬರೆಯದವರಿಗೆ ಹಾಗೆಯೇ ಅನ್ನಿಸುತ್ತದೆ.

ಮತ್ತೊಬ್ಬರು: ನೀವು ಬರೆದ ಟೆಸ್ಟ್‌ಗಳನ್ನು ನಾವೂ ನೋಡಿದ್ದೇವೆ.

ಪ್ರಶ್ನೆ: ಸ್ಟ್ಯಾಟಿಕ್ ಫಂಕ್ಷನ್‌ಗಳನ್ನು ಆಬ್ಜೆಕ್ಟ್‌ನಲ್ಲಿ ಇಡಬಹುದೇ?

ಉತ್ತರ: ಮೊದಲ ಉತ್ತರ ಓದಿ.

ಪ್ರಶ್ನೆ: ಕ್ಲಾಸಿನೊಳಗೇ ಇರುವ ಕಂಪ್ಯಾನಿಯನ್ ಆಬ್ಜೆಕ್ಟ್‌ನಲ್ಲಿ?

ಉತ್ತರ: ಅದೇ ಉತ್ತರ.

ಪ್ರಶ್ನೆ: ಕಾಂಟೆಕ್ಸ್ಟ್ ಬಗ್ಗೆ ಕೇಳಿದ್ದೆ...

ಹುಬ್ಬಳ್ಳಿಯ ಸದಸ್ಯರು: ಡೇಟಾಬೇಸ್ ನೋಡಿದೆ. ಮಾರ್ಚ್ ತಿಂಗಳ ಸಾಲುಗಳಲ್ಲೂ ತಪ್ಪು ದಿನಾಂಕ ಇದೆ.

ಉತ್ತರ: ಬ್ಯಾಕಪ್ ತೆಗೆಯುವವರೆಗೆ ಒಂದು ಸಾಲನ್ನೂ ತಿದ್ದಬೇಡಿ. ಮೂಲ ಕೋರಿಕೆಗಳ ಲಾಗ್ ಇದೆಯೇ?